18 ಗ್ರಾಂ ತೂಕದ ಹಕ್ಕಿಯ ಲೆಕ್ಕಾಚಾರ

ಮೊಟ್ಟೆಯಿಂದ ಆಗಷ್ಟೇ ಹೊರಬಂದ ಗ್ರೇಟ್ ಟಿಟ್ ಮರಿಗೆ ಗರಿ ಇರುವುದಿಲ್ಲ, ಕಣ್ಣೂ ತೆರೆದಿರುವುದಿಲ್ಲ. ತೂಕ ಒಂದೆರಡು ಗ್ರಾಂ ಅಷ್ಟೇ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಮರಿ ಅಪ್ಪ ಅಮ್ಮನಷ್ಟೇ ತೂಗುತ್ತದೆ, ಮೈತುಂಬ ಗರಿ ಬಂದಿರುತ್ತದೆ, ಗೂಡು ಬಿಟ್ಟು ಹಾರಿಯೂ ಬಿಡುತ್ತದೆ. ಇಂಥ ಎಂಟೊಂಬತ್ತು ಮರಿಗಳನ್ನು ಒಂದೇ ಸಲ ಸಾಕಬೇಕು. ಅದಕ್ಕಾಗಿ ತಂದೆ ತಾಯಿ ಹಕ್ಕಿಗಳು ದಿನಕ್ಕೆ ನೂರಾರು ಸಲ ಗೂಡಿಗೆ ಆಹಾರ ತರುತ್ತವೆ. ಆ ಆಹಾರದ ಬಹುಪಾಲು ಕಂಬಳಿಹುಳು. ತೊಡಕು ಇರುವುದೇ ಇಲ್ಲಿ. ಯುರೋಪಿನ ಓಕ್ ಕಾಡುಗಳಲ್ಲಿ ಕಂಬಳಿಹುಳು ದಂಡಿಯಾಗಿ ಸಿಗುವುದು ವಸಂತದ ಕೆಲವೇ ವಾರ. ಆ ವಾರಗಳು ತಪ್ಪಿದರೆ ಮರಿಗಳಿಗೆ ಹೊಟ್ಟೆಗಿಲ್ಲ.

ಗ್ರೇಟ್ ಟಿಟ್ ಯುರೋಪಿನಲ್ಲಿ ತೀರಾ ಸಾಮಾನ್ಯ ಹಕ್ಕಿ. ಸುಮಾರು 14 ಸೆಂಟಿಮೀಟರ್ ಉದ್ದ, 16ರಿಂದ 20 ಗ್ರಾಂ ತೂಕ. ಹೊಳೆಯುವ ಕಪ್ಪು ತಲೆ, ಬಿಳಿ ಕೆನ್ನೆ, ಹಳದಿ ಹೊಟ್ಟೆ. ಹೊಟ್ಟೆಯ ನಟ್ಟನಡುವೆ ಕೊರಳಿನಿಂದ ಕೆಳಗಿನವರೆಗೆ ಒಂದು ಕಪ್ಪು ಪಟ್ಟೆ. ಗಂಡಿಗೆ ಈ ಪಟ್ಟೆ ಅಗಲ, ಹೆಣ್ಣಿಗೆ ಕಿರಿದು. ಕಾಡು, ಪಾರ್ಕು, ಮನೆಯ ಹಿತ್ತಲು ಎಲ್ಲ ಕಡೆಯೂ ಇರುತ್ತದೆ. ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ಇರುವ ನಮ್ಮವರ ಅಡುಗೆಮನೆ ಕಿಟಕಿಯಾಚೆ ಕಡಲೇಬೀಜ ಕುಕ್ಕುತ್ತಾ ಕೂತಿರುವ ಹಕ್ಕಿ ಇದೇ ಆಗಿರುವ ಸಾಧ್ಯತೆ ಜಾಸ್ತಿ.

ಇಷ್ಟು ಸಾಮಾನ್ಯ ಹಕ್ಕಿಯ ಬಗ್ಗೆ ಬರೆಯಲು ಏನಿದೆ ಅನಿಸಬಹುದು. ಆದರೆ ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ಹಕ್ಕಿಗಳಲ್ಲಿ ವಿಜ್ಞಾನಿಗಳು ಇದನ್ನು ನೋಡಿದಷ್ಟು ಹತ್ತಿರದಿಂದ ನೋಡಿರುವುದು ಬಹಳ ಕಡಿಮೆ. ಕಾರಣ ಸರಳ. ಗ್ರೇಟ್ ಟಿಟ್ ಗೂಡು ಕಟ್ಟುವುದು ಮರದ ಪೊಟರೆಯಲ್ಲಿ. ಪೊಟರೆಯ ಬದಲು ಒಂದು ಮರದ ಪೆಟ್ಟಿಗೆಗೆ ತೂತು ಕೊರೆದು ನೇತುಹಾಕಿದರೆ ಖುಷಿಯಿಂದ ಅದಕ್ಕೇ ಬರುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೊಟ್ಟೆ ಎಣಿಸಬಹುದು, ಮರಿ ತೂಗಬಹುದು, ಕಾಲಿಗೆ ನಂಬರಿನ ಉಂಗುರ ಹಾಕಬಹುದು.

1947ರಲ್ಲಿ ಡೇವಿಡ್ ಲ್ಯಾಕ್ ಎಂಬ ಪಕ್ಷಿವಿಜ್ಞಾನಿ ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ ಈ ಕೆಲಸ ಶುರು ಮಾಡಿದರು. ನೆದರ್ಲೆಂಡ್ಸ್‌ನಲ್ಲಿ ಕ್ಲೂಯಿವರ್ ಎಂಬುವರು ಇದೇ ಹಕ್ಕಿಯನ್ನು ಗೂಡುಪೆಟ್ಟಿಗೆಗಳಲ್ಲಿ ಅಧ್ಯಯನ ಮಾಡುತ್ತಿದ್ದುದೇ ಅವರಿಗೆ ಸ್ಫೂರ್ತಿ. ಅಂದಿನಿಂದ ಇಂದಿನವರೆಗೂ ವೈಥಮ್‌ನಲ್ಲಿ ಪ್ರತಿ ವಸಂತವೂ ಲೆಕ್ಕ ಬರೆಯಲಾಗುತ್ತಿದೆ. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಗೂಡುಪೆಟ್ಟಿಗೆಗಳಿವೆ. ಯಾವ ಹಕ್ಕಿ ಯಾವ ವರ್ಷ ಯಾವ ದಿನ ಮೊದಲ ಮೊಟ್ಟೆ ಇಟ್ಟಿತು, ಅದರ ತಾಯಿ ಯಾರು, ಅಜ್ಜಿ ಯಾರು ಎಂದು ತಲೆಮಾರುಗಳ ಹಿಂದಕ್ಕೆ ಹೋಗಿ ಹೇಳಬಹುದು. ಒಂದು ತಲೆಮಾರಿನ ವಿಜ್ಞಾನಿಗಳು ಶುರು ಮಾಡಿದ ಪುಸ್ತಕವನ್ನು ಮೂರನೆಯ ತಲೆಮಾರಿನವರು ಅದೇ ಶ್ರದ್ಧೆಯಿಂದ ಮುಂದುವರಿಸುತ್ತಿದ್ದಾರೆ. ನನಗೆ ಇದು ತುಂಬಾ ದೊಡ್ಡ ವಿಷಯ ಅನಿಸುತ್ತದೆ. ಮುಂದೆ ಹೇಳುವ ಎಷ್ಟೋ ಸಂಗತಿಗಳು ತಿಳಿದದ್ದು ಈ ತಾಳ್ಮೆಯಿಂದಲೇ.

ಒಂದು ತಿಂಗಳು ಮೊದಲೇ ಊಹಿಸಬೇಕು

ಮೊದಲು ಕಂಬಳಿಹುಳುವಿನ ಕಥೆ ನೋಡೋಣ. ವಿಂಟರ್ ಮಾತ್ ಎಂಬ ಪತಂಗವಿದೆ. ಅದರ ಹೆಣ್ಣಿಗೆ ಹಾರುವ ರೆಕ್ಕೆ ಇಲ್ಲ. ಚಳಿಗಾಲ ಶುರುವಾಗುವಾಗ ಅದು ಮಣ್ಣಿನಿಂದ ಎದ್ದು ಓಕ್ ಮರದ ಕಾಂಡ ಹತ್ತಿ ಕೊಂಬೆಗಳಲ್ಲಿ ಮೊಟ್ಟೆ ಇಡುತ್ತದೆ. ವಸಂತದಲ್ಲಿ ಮೊಗ್ಗು ಬಿರಿಯುವ ಹೊತ್ತಿಗೆ ಹುಳುಗಳು ಮೊಟ್ಟೆಯಿಂದ ಹೊರಬರುತ್ತವೆ. ಎಳೆ ಎಲೆ ಮೃದು, ತಿನ್ನಲು ಸುಲಭ. ಆದರೆ ಎಲೆ ಬಲಿತಂತೆ ಗಟ್ಟಿಯಾಗುತ್ತದೆ, ಅದರಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ತುಂಬಿಕೊಳ್ಳುತ್ತದೆ. ಹಾಗಾಗಿ ಹುಳು ಅವಸರದಲ್ಲಿ ತಿಂದು, ಬೆಳೆದು, ಮರದಿಂದ ಕೆಳಗಿಳಿದು ಮಣ್ಣಿನಲ್ಲಿ ಕೋಶ ಕಟ್ಟಿಕೊಳ್ಳುತ್ತದೆ. ಅಲ್ಲಿಗೆ ಹಕ್ಕಿಗಳ ಊಟದ ಕಾಲ ಮುಗಿಯಿತು. ಮರಕ್ಕೆ ಹುಳು ಕಾಲ ಹೊಂದಿಸಬೇಕು, ಹುಳುವಿಗೆ ಹಕ್ಕಿ ಕಾಲ ಹೊಂದಿಸಬೇಕು.

ಈಗ ಹಕ್ಕಿಯ ಕಡೆ ಬರೋಣ. ಹೆಣ್ಣು ದಿನಕ್ಕೆ ಒಂದರಂತೆ ಮೊಟ್ಟೆ ಇಡುತ್ತದೆ. ಎಂಟೊಂಬತ್ತು ಮೊಟ್ಟೆಗೆ ಎಂಟೊಂಬತ್ತು ದಿನ. ಆಮೇಲೆ ಸುಮಾರು ಎರಡು ವಾರ ಕಾವು. ಕಾವು ಕೊಡುವುದು ಹೆಣ್ಣು ಮಾತ್ರ. ಮರಿ ಹುಟ್ಟಿದ ಮೇಲೆ ಹಸಿವು ದಿನದಿನಕ್ಕೆ ಏರಿ, ಸುಮಾರು ಹತ್ತನೆಯ ದಿನದ ಹೊತ್ತಿಗೆ ಜೋರಾಗುತ್ತದೆ. ಒಟ್ಟು ಕೂಡಿಸಿ ನೋಡಿ. ಮೊದಲ ಮೊಟ್ಟೆಗೂ ಮರಿಗಳ ಜೋರು ಹಸಿವಿಗೂ ನಡುವೆ ಒಂದು ತಿಂಗಳಿಗಿಂತ ಜಾಸ್ತಿ ಅಂತರ. ಅಂದರೆ ಮೇ ತಿಂಗಳ ಕೊನೆಯಲ್ಲಿ ಹುಳು ಯಾವಾಗ ಹೆಚ್ಚುತ್ತದೆ ಎಂಬುದನ್ನು ಹಕ್ಕಿ ಏಪ್ರಿಲ್‌ನಲ್ಲೇ ಊಹಿಸಬೇಕು. ಆ ಹೊತ್ತಿಗೆ ಮರದಲ್ಲಿ ಒಂದು ದೊಡ್ಡ ಹುಳುವೂ ಇರುವುದಿಲ್ಲ. ಮದುವೆ ಮನೆಯ ಅಡುಗೆಯವರು ನೆಂಟರು ಯಾವ ಹೊತ್ತಿಗೆ ಬಂದಾರು ಎಂದು ಅಂದಾಜು ಮಾಡಿ ಹಿಂದಿನ ರಾತ್ರಿಯೇ ಕಾಳು ನೆನೆಹಾಕಿದ ಹಾಗೆ.

ಹಕ್ಕಿ ಇದನ್ನು ಕೂತು ಯೋಚಿಸುವುದಿಲ್ಲ. ಹಗಲು ಉದ್ದವಾಗುತ್ತಾ ಬಂದಂತೆ ಅದರ ಮೆದುಳು ಹಾರ್ಮೋನುಗಳನ್ನು ಬಿಡುಗಡೆ ಮಾಡಿಸುತ್ತದೆ. ಚಳಿಗಾಲದಲ್ಲಿ ಕುಗ್ಗಿ ಸಾಸಿವೆಯಷ್ಟಾಗಿದ್ದ ಸಂತಾನದ ಅಂಗಗಳು ಮತ್ತೆ ಬೆಳೆಯುತ್ತವೆ. ಹಗಲಿನ ಉದ್ದ ವರ್ಷದಿಂದ ವರ್ಷಕ್ಕೆ ಬದಲಾಗದು, ಹಾಗಾಗಿ ಅದು ಕೊಡುವುದು ಸ್ಥೂಲ ಅಂದಾಜು. ಆ ವರ್ಷದ ವಸಂತ ಬೇಗ ಬಂತೇ, ತಡವೇ ಎಂಬ ಸೂಕ್ಷ್ಮ ಹೊಂದಾಣಿಕೆಯನ್ನು ವಸಂತದ ಆರಂಭದ ಬಿಸುಪು ಮಾಡುತ್ತದೆ. ತಪ್ಪು ಕಾಲದಲ್ಲಿ ಮೊಟ್ಟೆ ಇಟ್ಟವುಗಳ ಮರಿಗಳು ಹೆಚ್ಚು ಸತ್ತವು, ಸರಿಯಾದ ಕಾಲದಲ್ಲಿ ಇಟ್ಟವುಗಳ ಮರಿಗಳು ಹೆಚ್ಚು ಉಳಿದವು. ಸಾವಿರಾರು ವರ್ಷ ಇದೇ ನಡೆದು, ಸರಿಯಾಗಿ ಸ್ಪಂದಿಸುವ ಮೈ ಮಾತ್ರ ಉಳಿದುಕೊಂಡಿತು. ಈ ಲೇಖನದಲ್ಲಿ ‘ಲೆಕ್ಕ’ ಎಂದಾಗಲೆಲ್ಲ ಹೇಳುತ್ತಿರುವುದು ಇದನ್ನೇ.

ಹವಾಮಾನ ಬಿಸಿಯಾದರೆ ಏನಾಗುತ್ತದೆ? ವೈಥಮ್‌ನ ದಾಖಲೆ ನೋಡಿದರೆ 1961ರಿಂದ 2007ರ ನಡುವೆ ಹಕ್ಕಿಗಳು ಮೊಟ್ಟೆ ಇಡುವ ಕಾಲ ಸುಮಾರು ಎರಡು ವಾರ ಮುಂಚೆ ಬಂದಿದೆ. ಹುಳುವಿನ ಕಾಲವೂ ಮುಂಚೆ ಬಂದಿತ್ತು. ಹಕ್ಕಿಗಳು ಅದರ ಜೊತೆಜೊತೆಗೇ ನಡೆದವು. ಆದರೆ ನೆದರ್ಲೆಂಡ್ಸ್‌ನ ಹೋಗ ವೆಲುವೆ ಕಾಡಿನಲ್ಲಿ ಮಾರ್ಸೆಲ್ ವಿಸರ್ ಮತ್ತು ಜೊತೆಗಾರರು ಬೇರೆಯದನ್ನೇ ಕಂಡರು. ಅಲ್ಲಿ ವಸಂತದ ಕೊನೆಯ ಭಾಗ ಬಿಸಿಯಾಗಿತ್ತು, ಆರಂಭದ ಭಾಗ ಅಷ್ಟಾಗಿ ಬಿಸಿಯಾಗಿರಲಿಲ್ಲ. ಹುಳು ಬೆಳೆಯುವುದು ಕೊನೆಯ ಭಾಗದ ಬಿಸುಪಿನಲ್ಲಿ, ಹಕ್ಕಿ ಸುಳಿವು ಪಡೆಯುವುದು ಆರಂಭದ ಬಿಸುಪಿನಿಂದ. ಹೀಗಾಗಿ ಹುಳು ಮುಂದೆ ಓಡಿತು, ಹಕ್ಕಿ ಹಿಂದೆ ಉಳಿಯಿತು. ಹಕ್ಕಿಯ ಮೈಯಲ್ಲಿ ಯಾವ ದೋಷವೂ ಇರಲಿಲ್ಲ. ಅದು ನಂಬಿದ್ದ ಸುಳಿವು ಮೊದಲಿನಷ್ಟು ನಿಜ ಹೇಳದೆ ಹೋಯಿತು, ಅಷ್ಟೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಕಾಲ ತಪ್ಪಿದ್ದರಿಂದ ಹಕ್ಕಿಗಳ ಸಂಖ್ಯೆ ಕುಸಿಯಬೇಕಿತ್ತು ಅಲ್ವಾ? ಹೋಗ ವೆಲುವೆಯಲ್ಲಿ ಹಾಗಾಗಲಿಲ್ಲ. ಗೂಡಿನಿಂದ ಹಾರಿದ ಮರಿಗಳು ಕಡಿಮೆಯಾದಾಗ ಚಳಿಗಾಲದಲ್ಲಿ ಅವುಗಳ ನಡುವಿನ ಪೈಪೋಟಿಯೂ ಕಡಿಮೆಯಾಯಿತು. ಹಾರಿದವುಗಳಲ್ಲಿ ಬದುಕಿ ಉಳಿದವು ಹೆಚ್ಚಾದವು. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆ ಸ್ವಲ್ಪ ಮಟ್ಟಿಗೆ ತುಂಬಿಕೊಂಡಿತು. ಹವಾಮಾನ ಬದಲಾವಣೆಯ ಪರಿಣಾಮ ನೇರ ಗೆರೆಯಲ್ಲಿ ಬರುವುದಿಲ್ಲ ಎಂದು ವಿಜ್ಞಾನಿಗಳು ಪದೇಪದೇ ಹೇಳುವುದು ಇಂಥ ಕಾರಣಕ್ಕೇ. ಹಾಗೆಂದು ಈ ತುಂಬಿಕೊಳ್ಳುವಿಕೆ ಎಷ್ಟೇ ಅಂತರವಾದರೂ ನಡೆಯುತ್ತದೆ ಎಂದು ಭಾವಿಸುವಂತಿಲ್ಲ.

ಎಷ್ಟು ಮೊಟ್ಟೆ?

ಲ್ಯಾಕ್ ಅವರನ್ನು ಕಾಡಿದ ಪ್ರಶ್ನೆ ಇದು. ಒಂದು ಹಕ್ಕಿ ಎಂಟೊಂಬತ್ತು ಮೊಟ್ಟೆಯನ್ನೇ ಏಕೆ ಇಡುತ್ತದೆ? ಹದಿನೈದು ಏಕಿಲ್ಲ? ಮೂರು ಏಕಿಲ್ಲ? ಹಕ್ಕಿಗಳು ತಮ್ಮ ಜಾತಿಯ ಸಂಖ್ಯೆ ಮಿತಿಮೀರದಂತೆ ತಾವೇ ಕಡಿಮೆ ಮೊಟ್ಟೆ ಇಡುತ್ತವೆ ಎಂದು ಆಗ ಕೆಲವರು ವಾದಿಸುತ್ತಿದ್ದರು. ಲ್ಯಾಕ್ ಒಪ್ಪಲಿಲ್ಲ. ಪ್ರತಿ ಹಕ್ಕಿಯೂ ತಾನು ಸಾಕಿ ಉಳಿಸಿಕೊಳ್ಳಬಲ್ಲಷ್ಟು ಮರಿಗಳಿಗೆ ತಕ್ಕ ಮೊಟ್ಟೆ ಇಡುತ್ತದೆ ಎಂದರು. ಮರಿ ಜಾಸ್ತಿಯಾದರೆ ಒಂದೊಂದಕ್ಕೆ ಸಿಗುವ ಹುಳು ಕಡಿಮೆ. ತೂಕ ಕಡಿಮೆಯಾದ ಮರಿ ಗೂಡಿನಿಂದೇನೋ ಹಾರುತ್ತದೆ, ಆದರೆ ಮುಂದಿನ ವಸಂತ ಕಾಣುವುದು ಅಪರೂಪ. ಅವರ ನಂತರ ಈ ಕೆಲಸ ಮುಂದುವರಿಸಿದ ಕ್ರಿಸ್ಟೋಫರ್ ಪೆರಿನ್ಸ್ ಇದನ್ನು ಅಂಕಿಗಳಲ್ಲಿ ತೋರಿಸಿದರು. ತೂಕವಿದ್ದ ಮರಿಗಳೂ, ಋತುವಿನ ಆರಂಭದಲ್ಲಿ ಹಾರಿದ ಮರಿಗಳೂ ಹೆಚ್ಚು ಉಳಿಯುತ್ತಿದ್ದವು.

ಆದರೆ ಲೆಕ್ಕ ಪೂರ್ತಿ ಕೂಡಿಬರಲಿಲ್ಲ. ವರ್ಷಗಟ್ಟಲೆಯ ದಾಖಲೆ ಒಟ್ಟುಗೂಡಿದಾಗ ಕಂಡದ್ದು ಏನೆಂದರೆ, ಹಕ್ಕಿಗಳು ಸರಾಸರಿಯಲ್ಲಿ ಇಡುವ ಮೊಟ್ಟೆಗಿಂತ ಇನ್ನೂ ಒಂದೆರಡು ಮೂರು ಹೆಚ್ಚು ಇಟ್ಟಿದ್ದರೆ ಉಳಿಯುವ ಮರಿಗಳ ಸರಾಸರಿ ಹೆಚ್ಚಾಗುತ್ತಿತ್ತು. ಮತ್ತೇಕೆ ಇಡುವುದಿಲ್ಲ? 1987ರಲ್ಲಿ ಮಾರ್ಕ್ ಬಾಯ್ಸ್ ಮತ್ತು ಪೆರಿನ್ಸ್ ಒಂದು ಉತ್ತರ ಕೊಟ್ಟರು. ದೊಡ್ಡ ಸಂಸಾರ ಕಟ್ಟಿದ ಹಕ್ಕಿಗೆ ಒಳ್ಳೆಯ ವರ್ಷದಲ್ಲಿ ಭರ್ಜರಿ ಲಾಭ, ಕೆಟ್ಟ ವರ್ಷದಲ್ಲಿ ಪೂರ್ತಿ ನಷ್ಟ. ವಂಶ ಮುಂದುವರಿಯುವ ಮಾತು ಬಂದಾಗ ಒಂದೇ ಒಂದು ಸೊನ್ನೆ ಬಂದರೂ ಹಿಂದಿನದೆಲ್ಲ ಗುಣಿಸಿ ಸೊನ್ನೆಯಾಗುತ್ತದೆ. ಹಾಗಾಗಿ ಏರುಪೇರಿನ ಹವಾಮಾನದಲ್ಲಿ ಸ್ವಲ್ಪ ಕಡಿಮೆಯಲ್ಲೇ ನಿಲ್ಲುವ ಹಕ್ಕಿಯ ವಂಶ ಬಹುಕಾಲ ಬಾಳುತ್ತದೆ. ಇನ್ನೊಂದು ಉತ್ತರವೂ ಬಂತು. ಗೂಡುಗಳಿಗೆ ಮರಿ ಸೇರಿಸಿ, ಕೆಲವು ಗೂಡುಗಳಿಂದ ಮರಿ ತೆಗೆದು ನೋಡಿದಾಗ, ಆರು ಮೊಟ್ಟೆ ಇಟ್ಟ ಹಕ್ಕಿಗೆ ಆರೇ ಸರಿ, ಹತ್ತು ಇಟ್ಟ ಹಕ್ಕಿಗೆ ಹತ್ತೇ ಸರಿ ಎಂಬಂತೆ ಕಂಡಿತು. ತನ್ನ ಮೈಯ ಶಕ್ತಿ, ತನ್ನ ಜಾಗದ ಗುಣ ನೋಡಿಕೊಂಡು ಒಂದೊಂದು ಹಕ್ಕಿಯೂ ತನಗೆ ತಕ್ಕಷ್ಟೇ ಇಡುತ್ತದೆ. ಸರಾಸರಿ ಎಂಬುದು ಕಾಗದದ ಮೇಲಿನ ಹಕ್ಕಿ, ಕಾಡಿನಲ್ಲಿ ಅದು ಇಲ್ಲ. ಈ ಎರಡನೆಯ ಉತ್ತರವೇ ನನಗೆ ಹೆಚ್ಚು ಹಿಡಿಸುತ್ತದೆ, ಆದರೆ ಎರಡೂ ಒಟ್ಟಿಗೇ ನಿಜವಾಗಿರಬಹುದು.

ಮೊಟ್ಟೆ ಇಡುವುದು ಹೆಣ್ಣಿನ ಮೈಗೆ ಎಂಥ ಭಾರ ಎಂಬುದನ್ನೂ ಹೇಳಬೇಕು. ಒಂದು ಮೊಟ್ಟೆ ಸುಮಾರು 1.7 ಗ್ರಾಂ. ಒಂಬತ್ತು ಮೊಟ್ಟೆ ಸೇರಿದರೆ 15 ಗ್ರಾಂ ದಾಟುತ್ತದೆ. ತನ್ನ ಮೈತೂಕಕ್ಕೆ ಹತ್ತಿರದಷ್ಟು ಮೊಟ್ಟೆಯನ್ನು ಹತ್ತು ದಿನದೊಳಗೆ ತಯಾರಿಸುತ್ತದೆ ಈ ಹಕ್ಕಿ. ಆ ಮೊಟ್ಟೆಗಳ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅದರ ಇಡೀ ಅಸ್ಥಿಪಂಜರದಲ್ಲೂ ಇಲ್ಲ. ಹಾಗಾದರೆ ಎಲ್ಲಿಂದ? ಆ ದಿನಗಳಲ್ಲಿ ಹೆಣ್ಣು ನೆಲಕ್ಕಿಳಿದು ಬಸವನಹುಳುವಿನ ಚಿಪ್ಪಿನ ಚೂರುಗಳನ್ನು ಹುಡುಕಿ ತಿನ್ನುತ್ತದೆ.

ನೆದರ್ಲೆಂಡ್ಸ್‌ನ ಕೆಲವು ಕಾಡುಗಳಲ್ಲಿ 1980ರ ದಶಕದಲ್ಲಿ ಒಂದು ವಿಚಿತ್ರ ಕಾಣಿಸಿತು. ಗ್ರೇಟ್ ಟಿಟ್ ಮೊಟ್ಟೆಗಳ ಚಿಪ್ಪು ತೆಳುವಾಗಿ ಒಡೆದುಹೋಗುತ್ತಿತ್ತು. ಕೆಲವು ಹೆಣ್ಣುಗಳು ಮೊಟ್ಟೆಯನ್ನೇ ಇಡದೆ ಖಾಲಿ ಗೂಡಿನಲ್ಲಿ ಕಾವಿಗೆ ಕೂರುತ್ತಿದ್ದವು. ಕೀಟನಾಶಕವೇ? ಅಲ್ಲ. ಯಾಪ್ ಗ್ರಾವ್‌ಲಂಡ್ ಮತ್ತು ಸಂಗಡಿಗರು ಕಾರಣ ಹುಡುಕಿದರು. ಕಾರ್ಖಾನೆ, ವಾಹನ, ಪಶುಸಾಕಣೆಯಿಂದ ಬಂದ ಆಮ್ಲ ಮಳೆಯಲ್ಲಿ ಸೇರಿ ಮಣ್ಣಿನ ಕ್ಯಾಲ್ಸಿಯಂ ಕರಗಿ ಇಳಿದುಹೋಗಿತ್ತು. ಮಣ್ಣಿನಲ್ಲಿ ಸುಣ್ಣ ಇಲ್ಲದೆ ಬಸವನಹುಳುಗಳು ಕಡಿಮೆಯಾದವು. ಬಸವನಹುಳು ಇಲ್ಲದೆ ಹಕ್ಕಿಗೆ ಚಿಪ್ಪು ಸಿಗಲಿಲ್ಲ. ಕಾಡಿನಲ್ಲಿ ಬಸವನಹುಳುವಿನ ಚಿಪ್ಪುಗಳನ್ನು ತಂದಿಟ್ಟಾಗ ಮೊಟ್ಟೆಗಳು ಮತ್ತೆ ಸರಿಯಾದವು. ಚಿಮಣಿಯ ಹೊಗೆಗೂ ಒಂದು ಪುಟ್ಟ ಮೊಟ್ಟೆ ಒಡೆಯುವುದಕ್ಕೂ ನಡುವೆ ಇಷ್ಟು ಕೊಂಡಿಗಳು. ಒಂದೊಂದನ್ನೂ ಬಿಡಿಸಿ ತೋರಿಸಿದ ಈ ಕೆಲಸ ನನಗೆ ತುಂಬಾ ಇಷ್ಟ.

ಕೊಬ್ಬಿದರೂ ಕಷ್ಟ, ಸೊರಗಿದರೂ ಕಷ್ಟ

ಚಳಿಗಾಲದ ರಾತ್ರಿ ಯುರೋಪಿನಲ್ಲಿ ಹದಿನಾಲ್ಕು, ಹದಿನಾರು ಗಂಟೆ ಇರುತ್ತದೆ. ಅಷ್ಟು ಹೊತ್ತೂ ಈ ಸಣ್ಣ ಮೈ ಬೆಚ್ಚಗಿರಬೇಕು. ಹಗಲಿನಲ್ಲಿ ಕೂಡಿಟ್ಟ ಕೊಬ್ಬನ್ನು ರಾತ್ರಿಯಿಡೀ ಉರಿಸಿ ಬೆಳಗಿನ ಹೊತ್ತಿಗೆ ಬರಿದಾಗಿ ಏಳುತ್ತದೆ. ಹಾಗಾದರೆ ಸುಮ್ನೆ ಜಾಸ್ತಿ ಕೊಬ್ಬು ತುಂಬಿಕೊಂಡರೆ ಆಗದೇ? ಆಗದು. ಭಾರವಾದ ಹಕ್ಕಿ ಗಿಡುಗ ಎರಗಿದಾಗ ತಟ್ಟನೆ ಮೇಲೇಳಲಾರದು.

ಇದು ಬರೀ ಊಹೆ ಅಲ್ಲ ಎಂದು ವೈಥಮ್‌ನ ತಕ್ಕಡಿ ಹೇಳಿತು. ಸ್ಪ್ಯಾರೋಹಾಕ್ ಎಂಬ ಸಣ್ಣ ಗಿಡುಗ ಈ ಹಕ್ಕಿಗಳ ಮುಖ್ಯ ಬೇಟೆಗಾರ. 1950ರ ದಶಕದ ಕೊನೆಯ ಹೊತ್ತಿಗೆ ಕೀಟನಾಶಕಗಳಿಂದ ಅದು ಆ ಭಾಗದಿಂದ ಕಣ್ಮರೆಯಾಯಿತು. ವಿಷಗಳ ಬಳಕೆ ನಿಂತ ಮೇಲೆ 1970ರ ದಶಕದಲ್ಲಿ ಮರಳಿ ಬಂತು. ಆಂಡ್ರ್ಯೂ ಗಾಸ್ಲರ್ ಮತ್ತು ಸಂಗಡಿಗರು ಹಳೆಯ ದಾಖಲೆ ತೆಗೆದು ನೋಡಿದರು. ಗಿಡುಗ ಇಲ್ಲದ ವರ್ಷಗಳಲ್ಲಿ ಗ್ರೇಟ್ ಟಿಟ್‌ಗಳ ತೂಕ ಏರಿತ್ತು. ಗಿಡುಗ ಮರಳಿದ ಮೇಲೆ ಇಳಿದಿತ್ತು. ಹೊಟ್ಟೆಗೆ ಸಿಗದೆ ಸೊರಗಿದ್ದಲ್ಲ, ಸೊರಗಿದ್ದರೇ ಕ್ಷೇಮ ಎಂಬ ಕಾಲ ಮರಳಿತ್ತು. 1947ರಿಂದ ಸುಮ್ಮನೆ ತೂಗಿ ಬರೆದಿಡುತ್ತಾ ಬಂದವರಿಗೆ ಈ ಪ್ರಶ್ನೆಯೇ ಗೊತ್ತಿರಲಿಲ್ಲ. ಉತ್ತರ ಮಾತ್ರ ಅವರ ಪುಸ್ತಕದಲ್ಲಿತ್ತು.

ಇಷ್ಟೆಲ್ಲ ಇದ್ದೂ ಈ ಹಕ್ಕಿಯ ಆಯುಸ್ಸು ಚಿಕ್ಕದು. ಹಾರಿದ ಮರಿಗಳಲ್ಲಿ ಬಹುಪಾಲು ಮೊದಲ ವರ್ಷವೇ ಸಾಯುತ್ತವೆ. ಬೀಚ್ ಮರಗಳು ಚೆನ್ನಾಗಿ ಕಾಯಿ ಬಿಟ್ಟ ಚಳಿಗಾಲದಲ್ಲಿ ಉಳಿಯುವುದು ಹೆಚ್ಚು. ಗೂಡಿನಲ್ಲೂ ಅಪಾಯ ಇದ್ದೇ ಇದೆ. ವೀಸಲ್ ಎಂಬ ತೆಳ್ಳಗಿನ ಬೇಟೆ ಪ್ರಾಣಿ ತೂತಿನೊಳಗೆ ನುಸುಳುತ್ತದೆ. ಕಾವಿಗೆ ಕೂತ ಹೆಣ್ಣನ್ನು ಯಾರಾದರೂ ಇಣುಕಿ ನೋಡಿದರೆ ಅದು ರೆಕ್ಕೆ ಬಡಿದು ಹಾವಿನಂತೆ ಬುಸ್ಸೆನ್ನುತ್ತದೆ. ಕತ್ತಲ ಪೊಟರೆಯೊಳಗಿಂದ ಆ ಸದ್ದು ಬಂದರೆ ಯಾರಾದರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಹಾಡು ಎಂಬ ಬೇಲಿ

ಚಳಿ ಇನ್ನೂ ಬಿಡುವ ಮೊದಲೇ, ಜನವರಿ ಫೆಬ್ರವರಿಯಲ್ಲೇ ಗಂಡು ಹಾಡಲು ತೊಡಗುತ್ತದೆ. ‘ಟೀ-ಚರ್, ಟೀ-ಚರ್’ ಎಂದು ಎರಡು ಸ್ವರ ಮತ್ತೆ ಮತ್ತೆ. ಒಂದು ಗಂಡಿಗೆ ಇಂಥ ಹಲವು ಧಾಟಿಗಳು ಗೊತ್ತಿರುತ್ತವೆ. ಹೆಣ್ಣನ್ನು ಕರೆಯುವುದು ಒಂದು ಕೆಲಸ, ಇನ್ನೊಂದು ಗಂಡನ್ನು ದೂರ ಇಡುವುದು ಇನ್ನೊಂದು ಕೆಲಸ. ಎರಡನೆಯದನ್ನು ಜಾನ್ ಕ್ರೆಬ್ಸ್ 1970ರ ದಶಕದಲ್ಲಿ ಬಲು ಅಚ್ಚುಕಟ್ಟಾಗಿ ತೋರಿಸಿದರು. ಕಾಡಿನ ಒಂದು ತುಂಡಿನಿಂದ ಗಂಡುಗಳನ್ನು ಹಿಡಿದು ತೆಗೆದರು. ಕೆಲವರ ಜಾಗದಲ್ಲಿ ಸ್ಪೀಕರ್ ಇಟ್ಟು ಹಾಡು ಹಾಕಿದರು, ಕೆಲವನ್ನು ಮೌನವಾಗಿ ಬಿಟ್ಟರು. ಮೌನದ ಜಾಗಗಳಿಗೆ ಹೊಸ ಗಂಡುಗಳು ಬೇಗ ನುಗ್ಗಿದವು. ಹಾಡು ಕೇಳುತ್ತಿದ್ದ ಜಾಗಗಳು ಹೆಚ್ಚು ಹೊತ್ತು ಖಾಲಿ ಉಳಿದವು. ಒಂದೇ ಧಾಟಿಗಿಂತ ಹಲವು ಧಾಟಿ ಹಾಕಿದ ಕಡೆ ಇನ್ನೂ ಹೆಚ್ಚು ಹೊತ್ತು.

ಊರಿನ ಗದ್ದಲದಲ್ಲಿ ಈ ಬೇಲಿ ಕೇಳಿಸಬೇಕಲ್ಲ? ವಾಹನಗಳ ಸದ್ದು ಹೆಚ್ಚಾಗಿ ತಗ್ಗು ಸ್ವರದ್ದು. 2003ರಲ್ಲಿ ಹಾನ್ಸ್ ಸ್ಲಾಬೆಕೋರ್ನ್ ಮತ್ತು ಮಾರ್ಗ್ರೀಟ್ ಪೇಟ್ ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಅಳೆದು ನೋಡಿದಾಗ, ಗದ್ದಲದ ಜಾಗದ ಹಕ್ಕಿಗಳು ತಗ್ಗಿನ ಸ್ವರ ಬಿಟ್ಟು ಎತ್ತರದ ಸ್ವರದಲ್ಲಿ ಹಾಡುತ್ತಿದ್ದವು. ನಂತರ ಯುರೋಪಿನ ಹತ್ತು ದೊಡ್ಡ ನಗರಗಳ ಹಾಡನ್ನು ಹತ್ತಿರದ ಕಾಡುಗಳ ಹಾಡಿಗೆ ಹೋಲಿಸಿದಾಗಲೂ ನಗರದ ಹಾಡು ಚುಟುಕು, ಚುರುಕು, ಎತ್ತರ.

ಒಂದರಿಂದ ಒಂದು ಕಲಿಯುವುದು

ಬ್ರಿಟನ್ನಿನಲ್ಲಿ ಮನೆ ಬಾಗಿಲಿಗೆ ಬಾಟಲಿಯಲ್ಲಿ ಹಾಲು ಬರುತ್ತಿದ್ದ ಕಾಲ. ಮೇಲೆ ಕೆನೆ ಕಟ್ಟಿರುತ್ತಿತ್ತು. 1921ರಲ್ಲಿ ಸೌತಾಂಪ್ಟನ್ ಬಳಿಯ ಸ್ವೇಥ್ಲಿಂಗ್‌ನಲ್ಲಿ ಟಿಟ್ ಹಕ್ಕಿಗಳು ಬಾಟಲಿಯ ಮುಚ್ಚಳ ಹರಿದು ಕೆನೆ ತಿನ್ನುವುದು ಮೊದಲ ಸಲ ದಾಖಲಾಯಿತು. ಮುಂದಿನ ದಶಕಗಳಲ್ಲಿ ಅದು ಊರಿಂದೂರಿಗೆ ಹರಡಿತು. 1949ರಲ್ಲಿ ಜೇಮ್ಸ್ ಫಿಶರ್ ಮತ್ತು ರಾಬರ್ಟ್ ಹೈಂಡ್ ಅದರ ನಕ್ಷೆಯನ್ನೇ ಬರೆದರು. ಗ್ರೇಟ್ ಟಿಟ್ ಮತ್ತು ಅದರ ಚಿಕ್ಕ ಬಂಧು ಬ್ಲೂ ಟಿಟ್ ಇದರಲ್ಲಿ ಮುಂದು. ಆದರೆ ಒಂದನ್ನು ನೋಡಿ ಇನ್ನೊಂದು ಕಲಿಯಿತೇ, ಅಥವಾ ಒಂದೊಂದೂ ತಾನೇ ಕಂಡುಕೊಂಡಿತೇ ಎಂಬ ವಾದ ಬಹಳ ಕಾಲ ನಡೆಯಿತು.

ಲೂಸಿ ಆಪ್ಲಿನ್ ಮತ್ತು ಸಂಗಡಿಗರು ವೈಥಮ್‌ನಲ್ಲಿ ಮಾಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಒಳಗೆ ಹುಳು ಇಟ್ಟ ಒಂದು ಪೆಟ್ಟಿಗೆ. ಅದರ ಬಾಗಿಲನ್ನು ಎಡಕ್ಕೆ ತಳ್ಳಿದರೂ ತೆರೆಯುತ್ತದೆ, ಬಲಕ್ಕೆ ತಳ್ಳಿದರೂ ತೆರೆಯುತ್ತದೆ. ಕಾಡಿನ ಒಂದು ಭಾಗದ ಎರಡು ಹಕ್ಕಿಗಳನ್ನು ಹಿಡಿದು ಒಂದು ಬಗೆ ಕಲಿಸಿ ಬಿಟ್ಟರು. ಇನ್ನೊಂದು ಭಾಗದ ಎರಡಕ್ಕೆ ಇನ್ನೊಂದು ಬಗೆ. ಬಹುತೇಕ ಹಕ್ಕಿಗಳ ಕಾಲಲ್ಲೂ ಪುಟ್ಟ ಎಲೆಕ್ಟ್ರಾನಿಕ್ ಬಿಲ್ಲೆ ಇದ್ದುದರಿಂದ ಯಾವುದು ಯಾವಾಗ ಹೇಗೆ ತೆರೆಯಿತು ಎಂದು ಯಂತ್ರವೇ ಬರೆದುಕೊಂಡಿತು. ಕಲಿತ ಎರಡರಿಂದ ಸರಾಸರಿ ನೂರಕ್ಕೆ 75 ಹಕ್ಕಿಗಳಿಗೆ ವಿದ್ಯೆ ಹರಡಿತು. ಅದು ಹರಡಿದ್ದು ಯಾರು ಯಾರ ಜೊತೆ ಓಡಾಡುತ್ತಾರೋ ಆ ನಂಟಿನ ದಾರಿಯಲ್ಲೇ. ಎಡದವರ ಊರಲ್ಲಿ ಬಹುತೇಕ ಎಲ್ಲರೂ ಎಡಕ್ಕೆ, ಬಲದವರ ಊರಲ್ಲಿ ಬಹುತೇಕ ಎಲ್ಲರೂ ಬಲಕ್ಕೆ. ಎರಡೂ ಬಗೆ ತಿಳಿದ ಹಕ್ಕಿಯೂ ತನ್ನ ಸುತ್ತಲಿನವರ ಬಗೆಗೇ ಒಲಿಯುತ್ತಿತ್ತು. ಮರುವರ್ಷದ ಹೊತ್ತಿಗೆ ಹಳೆಯ ಹಕ್ಕಿಗಳಲ್ಲಿ ಎಷ್ಟೋ ಸತ್ತು ಹೊಸವು ಬಂದಿದ್ದವು. ಆದರೂ ಎಡದ ಊರು ಎಡದ್ದಾಗಿಯೇ ಇತ್ತು. ಇದನ್ನು ಸಂಪ್ರದಾಯ ಎನ್ನದೆ ಬೇರೇನು ಎನ್ನುವುದು?

ಹಾಗೆಂದು ಎಲ್ಲ ಹಕ್ಕಿಗಳ ಸ್ವಭಾವ ಒಂದೇ ಅಲ್ಲ. ಡಚ್ ವಿಜ್ಞಾನಿಗಳು ಇವನ್ನು ಕೃತಕ ಮರಗಳಿರುವ ಹೊಸ ಕೋಣೆಗೆ ಬಿಟ್ಟು ನೋಡಿದರು. ಕೆಲವು ಸರಸರನೆ ಎಲ್ಲ ಮರಗಳಿಗೂ ಹೋಗಿ ಬಂದವು, ಕೆಲವು ಒಂದೇ ಕಡೆ ಕೂತು ನಿಧಾನವಾಗಿ ಮುಂದುವರಿದವು. ಈ ಗುಣ ತಂದೆ ತಾಯಿಯಿಂದ ಮರಿಗೆ ತಕ್ಕಮಟ್ಟಿಗೆ ಇಳಿದು ಬರುತ್ತದೆ. ಯಾವುದು ಮೇಲು ಎಂದು ಕೇಳಿದರೆ ಉತ್ತರ ವರ್ಷದಿಂದ ವರ್ಷಕ್ಕೆ ಬದಲು. ಆಹಾರ ಹೇರಳವಾದ ವರ್ಷ ಒಂದಕ್ಕೆ ಲಾಭ, ಬರದ ವರ್ಷ ಇನ್ನೊಂದಕ್ಕೆ. ಎರಡೂ ಉಳಿದಿರುವುದು ಅದಕ್ಕೇ.

ಮುದ್ದು ಹಕ್ಕಿ, ಗಟ್ಟಿ ಕೊಕ್ಕು

ಕಿಟಕಿಯಾಚೆ ಮುದ್ದಾಗಿ ಕಾಣುವ ಈ ಹಕ್ಕಿಗೆ ಕಡುಗುಣವೂ ಇದೆ. ಹಂಗೇರಿಯ ಬ್ಯೂಕ್ ಬೆಟ್ಟದ ಒಂದು ಗುಹೆಯಲ್ಲಿ ಚಳಿನಿದ್ದೆಯಲ್ಲಿರುವ ಸಣ್ಣ ಬಾವಲಿಗಳನ್ನು ಗ್ರೇಟ್ ಟಿಟ್‌ಗಳು ಹುಡುಕಿ ಕೊಂದು ತಿನ್ನುವುದನ್ನು ಸಂಶೋಧಕರು ಕಂಡಿದ್ದಾರೆ. ಹೊರಗೆ ಬೇರೆ ಆಹಾರ ಇಟ್ಟಾಗ ಬಾವಲಿಯ ಬೇಟೆ ಬಹುಮಟ್ಟಿಗೆ ನಿಂತಿತು. ಹಸಿವೇ ಕಾರಣ ಎಂಬುದು ಸ್ಪಷ್ಟ.

ಇನ್ನೊಂದು ಕಾದಾಟ ಗೂಡಿಗಾಗಿ. ಪೈಡ್ ಫ್ಲೈಕ್ಯಾಚರ್ ಎಂಬ ವಲಸೆ ಹಕ್ಕಿ ಆಫ್ರಿಕಾದಿಂದ ವಸಂತದಲ್ಲಿ ಯುರೋಪಿಗೆ ಬರುತ್ತದೆ. ಬರುವ ಹೊತ್ತಿಗೆ ಗೂಡುಪೆಟ್ಟಿಗೆಗಳಲ್ಲಿ ಗ್ರೇಟ್ ಟಿಟ್ ಆಗಲೇ ಕೂತಿರುತ್ತದೆ. ಒಳಗೆ ಇಣುಕಿದ ಫ್ಲೈಕ್ಯಾಚರ್ ಅದರ ಕೈಗೆ ಸಿಕ್ಕರೆ ತಲೆಗೆ ಕುಕ್ಕಿ ಕೊಲ್ಲುತ್ತದೆ. 2019ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಒಂದು ಅಧ್ಯಯನ ಹೇಳುವಂತೆ, ಎರಡೂ ಹಕ್ಕಿಗಳ ಗೂಡಿನ ಕಾಲ ಒಂದರ ಮೇಲೊಂದು ಬಿದ್ದಂತೆ ಇಂಥ ಸಾವು ಹೆಚ್ಚು. ಕೆಲವು ವರ್ಷ ಗಂಡು ಫ್ಲೈಕ್ಯಾಚರ್‌ಗಳಲ್ಲಿ ನೂರಕ್ಕೆ ಒಂಬತ್ತರಷ್ಟು ಹೀಗೆ ಸತ್ತಿವೆ. ಸೌಮ್ಯ ಚಳಿಗಾಲದಿಂದ ಗ್ರೇಟ್ ಟಿಟ್ ಸಂಖ್ಯೆ ಹೆಚ್ಚಿದಾಗಲೂ ಕಾದಾಟ ಹೆಚ್ಚು. ಬಿಸಿಯಾಗುವ ಹವಾಮಾನ ಒಂದು ಹಕ್ಕಿಯ ಊಟದ ಹೊತ್ತನ್ನಷ್ಟೇ ಅಲ್ಲ, ಅಕ್ಕಪಕ್ಕದವರ ನಡುವಿನ ಹೊತ್ತನ್ನೂ ಕಲಕುತ್ತದೆ.

ನಮ್ಮ ಕಡೆಯ ಬಂಧು

ಕರ್ನಾಟಕದ ಕಾಡುಗಳಲ್ಲಿ ಇದೇ ಆಕಾರದ ಹಕ್ಕಿ ಇದೆ. ಕಪ್ಪು ತಲೆ, ಬಿಳಿ ಕೆನ್ನೆ, ಹೊಟ್ಟೆಯ ಮೇಲೆ ಕಪ್ಪು ಪಟ್ಟೆ ಎಲ್ಲವೂ ಹಾಗೆಯೇ. ಹಳದಿ ಮಾತ್ರ ಇಲ್ಲ. ಬೆನ್ನು ಬೂದು, ಹೊಟ್ಟೆ ಮಾಸಲು ಬಿಳಿ. ಹಿಂದೆ ಇದನ್ನೂ ಗ್ರೇಟ್ ಟಿಟ್‌ನ ಒಂದು ಬಗೆ ಎಂದೇ ಎಣಿಸುತ್ತಿದ್ದರು. ಈಗ ಸಿನೇರಿಯಸ್ ಟಿಟ್ ಎಂಬ ಬೇರೆ ಜಾತಿ ಎಂದು ಒಪ್ಪಲಾಗಿದೆ. ಯುರೋಪಿನ ಹಕ್ಕಿಯ ಹಳದಿ ಅದು ತಿನ್ನುವ ಹುಳುಗಳ ಮೂಲಕ ಬಂದ ಕೆರೋಟಿನಾಯ್ಡ್ ಬಣ್ಣ. ಹುಳು ಕಡಿಮೆ ಸಿಗುವ ನಗರಗಳಲ್ಲಿ ಬೆಳೆದ ಮರಿಗಳ ಹಳದಿ ಕಾಡಿನವುಗಳಿಗಿಂತ ಮಂಕಾಗಿರುವುದನ್ನೂ ಅಳೆದು ತೋರಿಸಿದ್ದಾರೆ.

ಕಾಳು ಹಾಕುವ ಮನುಷ್ಯರಿಂದ ಹಕ್ಕಿಯ ಮೈಯೇ ಬದಲಾಗುತ್ತಿರಬಹುದು ಎಂಬ ಸುಳಿವೂ ಇದೆ. 2017ರ ಒಂದು ಅಧ್ಯಯನ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಗ್ರೇಟ್ ಟಿಟ್‌ಗಳ ವಂಶವಾಹಿಗಳನ್ನು ಹೋಲಿಸಿತು. ಬ್ರಿಟನ್ನಿನವುಗಳ ಕೊಕ್ಕು ತುಸು ಉದ್ದ. ಆ ಉದ್ದಕ್ಕೆ ಕಾರಣವಾದ ವಂಶವಾಹಿ ಇರುವ ಹಕ್ಕಿಗಳು ಕಾಳಿನ ಬುಟ್ಟಿಗಳಿಗೆ ಹೆಚ್ಚು ಬರುತ್ತಿದ್ದವು. ಬ್ರಿಟನ್ನಿನ ಹಿತ್ತಲುಗಳಲ್ಲಿ ಹಕ್ಕಿಗೆ ಕಾಳು ಹಾಕುವ ರೂಢಿ ಬಹಳ ಹೆಚ್ಚು. ಇದೇ ಕಾರಣ ಎಂದು ಅಧ್ಯಯನ ಮಾಡಿದವರು ಗಟ್ಟಿಯಾಗಿ ಹೇಳಿಲ್ಲ, ಸಾಧ್ಯತೆ ಎಂದಿದ್ದಾರೆ.

ಯುರೋಪಿನಲ್ಲಿ ಇರುವವರು ಹಿತ್ತಲಲ್ಲಿ ಗೂಡುಪೆಟ್ಟಿಗೆ ಹಾಕುವುದಾದರೆ ತೂತಿನ ಅಳತೆ 28 ಮಿಲಿಮೀಟರ್ ಇರಲಿ. 25 ಆದರೆ ಬ್ಲೂ ಟಿಟ್‌ನಂಥ ಸಣ್ಣ ಹಕ್ಕಿ ಮಾತ್ರ ಒಳಗೆ ಹೋಗುತ್ತದೆ, 32 ಆದರೆ ಗುಬ್ಬಚ್ಚಿಯೂ ಬರುತ್ತದೆ. ತೂತಿನ ಕೆಳಗೆ ಕೂರುವ ಕಡ್ಡಿ ಬೇಡ, ಅದು ಬೇಟೆಗಾರರಿಗೆ ಅನುಕೂಲ. ಎರಡರಿಂದ ನಾಲ್ಕು ಮೀಟರ್ ಎತ್ತರದಲ್ಲಿ, ಮಧ್ಯಾಹ್ನದ ಬಿಸಿಲು ನೇರ ಬೀಳದಂತೆ ಉತ್ತರಕ್ಕೂ ಪೂರ್ವಕ್ಕೂ ನಡುವೆ ಮುಖ ಮಾಡಿ ನೇತುಹಾಕಿ. ಫೆಬ್ರವರಿಯೊಳಗೆ ಹಾಕಿದರೆ ಒಳ್ಳೆಯದು, ಜೋಡಿಗಳು ಜಾಗ ನೋಡಲು ಆಗಲೇ ಹೊರಟಿರುತ್ತವೆ. ಮರಿಗಳಿಗೆ ಬೇಕಾದ ಹುಳು ಸಿಗಬೇಕೆಂದರೆ ಹಿತ್ತಲಿನ ಗಿಡಮರಗಳಿಗೆ ಕೀಟನಾಶಕ ಹೊಡೆಯಬೇಡಿ. ಮರಿಗಳು ಹಾರಿಹೋದ ಮೇಲೆ, ಶರತ್ಕಾಲದಲ್ಲಿ ಹಳೆಯ ಗೂಡು ತೆಗೆದು ಕುದಿಯುವ ನೀರಿನಿಂದ ಪೆಟ್ಟಿಗೆ ತೊಳೆದು ಒಣಗಿಸಿ. ಚಿಗಟಗಳು ಮುಂದಿನ ವರ್ಷದ ಮರಿಗಳಿಗೆ ಅಂಟುವುದು ತಪ್ಪುತ್ತದೆ.